ಏರ್ ರೈಫಲ್‌ಗೆ ಸೀಸ ಇಲ್ಲದ ಪೆಲೆಟ್ (ಸಣ್ಣ ಗುಂಡು) ಒಂದೇ ಕಡೆ ಬೀಳುತ್ತಿಲ್ಲ, ಏನು ಮಾಡುವುದು? ಅನುಭವ ಇದ್ದವರು ಹೇಳಿ

ಕೇಳಿದ್ದು: ಕುಂಬಳೆ ಹತ್ತಿರದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 13. ಒಂದು ವರ್ಷದಿಂದ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಭಾನುವಾರ ಕೋಚ್ ಹತ್ತಿರ ಹೋಗುತ್ತಾಳೆ, ಉಳಿದ ದಿನ ಮನೆಯಲ್ಲೇ ಅಭ್ಯಾಸ. ನಮ್ಮ ಅಡಿಕೆ ಕೊಟ್ಟಗೆ 12 ಮೀಟರ್ ಉದ್ದ ಉಂಟು. ಆ ತುದಿಗೆ ಮುರಕಲ್ಲಿನ ಗೋಡೆ. ಅಲ್ಲೇ ಗುರಿಹಲಗೆ ಕಟ್ಟಿದ್ದೇವೆ. ರೈಫಲ್ ನಮ್ಮ ದೇಶದಲ್ಲೇ ಮಾಡಿದ್ದು, ನಳಿಗೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವಂಥದ್ದು.

ಕಳೆದ ತಿಂಗಳು ಒಂದು ಸಂಜೆ ಅಭ್ಯಾಸ ಮುಗಿಸಿ ನೇರ ಅಡುಗೆಮನೆಗೆ ಬಂದು ಅವಲಕ್ಕಿ ಬಟ್ಟಲಿಗೆ ಕೈ ಹಾಕಿದಳು. ಬೆರಳ ತುದಿ ನೋಡಿದರೆ ಪೆನ್ಸಿಲ್ ಉಜ್ಜಿದ ಹಾಗೆ ಬೂದು ಬಣ್ಣ. ಅದು ಸೀಸ ಅಂತ ಗೊತ್ತಾದಾಗಿನಿಂದ ನನಗೆ ನೆಮ್ಮದಿ ಇಲ್ಲ. ನನ್ನ ತವರು ಎಣ್ಮಕಜೆ ಕಡೆ. ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಹೊಡೆದ ಕಾಲ ಕಂಡವಳು ನಾನು. "ಸ್ವಲ್ಪ ಅಲ್ವಾ, ಏನೂ ಆಗುವುದಿಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಕೇಳಲು ಆಗುವುದಿಲ್ಲ.

ಹಾಗಾಗಿ ಸೀಸ ಇಲ್ಲದ, ತವರದ ಪೆಲೆಟ್ ಒಂದು ಡಬ್ಬಿ ತರಿಸಿದೆ. ಹಳೆಯದರಲ್ಲಿ ಐದು ಹೊಡೆತ ಒಂದು ರೂಪಾಯಿ ನಾಣ್ಯದಡಿ ಮುಚ್ಚುತ್ತಿತ್ತು. ಇದರಲ್ಲಿ ಅಂಗೈಯಗಲ ಚದುರಿತು. ಮಗಳು ತನ್ನದೇ ತಪ್ಪು ಅಂದುಕೊಂಡು ಅತ್ತಳು. ತವರದ ಪೆಲೆಟ್‌ನಲ್ಲಿ ಗುರಿ ಸರಿ ಬರುತ್ತದಾ? ಬರುವುದಾದರೆ ಹೇಗೆ? ಇಲ್ಲದಿದ್ದರೆ ಸೀಸದ್ದನ್ನೇ ಜೋಪಾನವಾಗಿ ಬಳಸುವ ದಾರಿ ಏನಾದರೂ ಉಂಟಾ?

ಬದಿಯಡ್ಕದಿಂದ, ಮಕ್ಕಳಿಗೆ ರೈಫಲ್ ಕಲಿಸುವವರು

ಅಕ್ಕ, ಮೊದಲು ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಪೆಲೆಟ್ ವಿಷಯ ಆಮೇಲೆ.

ಸ್ಪ್ರಿಂಗ್ ರೈಫಲ್ ಪ್ರತಿ ಹೊಡೆತಕ್ಕೂ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದೆ ಹೊರಟಾಗ ಒಮ್ಮೆ ಹಿಂದಕ್ಕೆ, ಅದು ಮುಂದೆ ಹೋಗಿ ನಿಂತಾಗ ಒಮ್ಮೆ ಮುಂದಕ್ಕೆ. ಒಂದೆರಡು ಡಬ್ಬಿ ಮುಗಿಯುವಷ್ಟರಲ್ಲಿ ಮರದ ಕಟ್ಟಿನ ಸ್ಕ್ರೂಗಳು ಸಡಿಲ ಆಗಿರುತ್ತವೆ. ಮುಂಭಾಗದಲ್ಲಿ ಎರಡು ಬದಿಗೂ ಒಂದೊಂದು, ಟ್ರಿಗರ್ ಗಾರ್ಡ್ ಹತ್ತಿರ ಒಂದೋ ಎರಡೋ ಇರುತ್ತವೆ. ಸ್ಪ್ರಿಂಗ್ ಎಳೆದಿಲ್ಲ, ಒಳಗೆ ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಿಗಿ ಮಾಡಿ. ಕಾಲು ಸುತ್ತು ಸಡಿಲ ಇದ್ದರೂ ಸಾಕು, ಗುಂಪು, ಅಂದರೆ ಹೊಡೆತಗಳು ಬಿದ್ದ ಜಾಗ, ಎರಡರಷ್ಟು ಅಗಲ ಆಗಲಿಕ್ಕೆ. ನನ್ನ ಹತ್ತಿರ "ಪೆಲೆಟ್ ಸರಿ ಇಲ್ಲ" ಅಂತ ಬಂದ ಎಷ್ಟೋ ರೈಫಲ್ ಹೀಗೇ ಸರಿಯಾಗಿ ಮನೆಗೆ ಹೋಗಿವೆ. ನಳಿಗೆ ಬಗ್ಗಿಸುವ ಜಾಗದಲ್ಲಿ ಒಂದು ಸಣ್ಣ ರಬ್ಬರ್ ಬಳೆ ಇರುತ್ತದೆ, ಗಾಳಿ ಸೋರದ ಹಾಗೆ. ಅದು ಹರಿದಿದೆಯಾ ನೋಡಿ. ಹೊಡೆಯುವಾಗ ಆ ಸಂದಿಯ ಹತ್ತಿರ ಟಿಶ್ಯೂ ಪೇಪರಿನ ಚೂರು ಇಟ್ಟರೆ, ಸೋರಿದಾಗ ಹಾರುತ್ತದೆ.

ಇನ್ನು ಪೆಲೆಟ್. ಮಗಳದ್ದು ತಪ್ಪಲ್ಲ ಅಂತ ಅವಳಿಗೆ ಇವತ್ತೇ ಹೇಳಿ. ತವರದ ಪೆಲೆಟ್ ಸೀಸದ್ದಕ್ಕಿಂತ ಬೇರೆಯೇ ವಸ್ತು. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ, ತವರ 7.3 ಗ್ರಾಂ. ಸ್ಪರ್ಧೆಗೆ ಬಳಸುವ 4.5 ಮಿ.ಮೀ. ಸೀಸದ ಪೆಲೆಟ್ ಸುಮಾರು 0.53 ಗ್ರಾಂ. ಅದೇ ಆಕಾರದ ತವರದ್ದು 0.35 ಗ್ರಾಂ ಆಸುಪಾಸು. ಮೂರನೇ ಒಂದು ಭಾಗ ತೂಕವೇ ಇಲ್ಲ. ಗಾಳಿಯ ದೂಡುವ ಬಲ ಅಷ್ಟೇ ಇರುವುದರಿಂದ ಅದು ಜಾಸ್ತಿ ಜೋರಾಗಿ ಹೋಗುತ್ತದೆ. ಮುಂದೆ ತಡೆ ಕಡಿಮೆ, ಆದ್ದರಿಂದ ಪಿಸ್ಟನ್ ಕೂಡ ಜೋರಾಗಿ ಬಡಿಯುತ್ತದೆ. ರೈಫಲ್ ಕುಲುಕುವ ರೀತಿಯೇ ಬದಲಾಗುತ್ತದೆ.

ಎರಡನೆಯ ವ್ಯತ್ಯಾಸ ಗಟ್ಟಿತನ. ಪೆಲೆಟ್‌ನ ಆಕಾರ ನೋಡಿದ್ದೀರಲ್ಲ, ನಡು ಸಣ್ಣ, ಹಿಂದೆ ಲಂಗದ ಹಾಗೆ ಅಗಲ. ಮೆತ್ತಗಿನ ಸೀಸದಲ್ಲಿ ಆ ಲಂಗ ಗಾಳಿಯ ಒತ್ತಡಕ್ಕೆ ಸ್ವಲ್ಪ ಹಿಗ್ಗಿ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಸಣ್ಣಪುಟ್ಟ ಅಳತೆಯ ಹೆಚ್ಚುಕಡಿಮೆಯನ್ನು ಸೀಸ ತಾನೇ ಸರಿ ಮಾಡಿಕೊಳ್ಳುತ್ತದೆ. ತವರ ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ. ಹಾಗಾಗಿ ಅದು ನಿಮ್ಮ ನಳಿಗೆಗೆ ಮೊದಲೇ ಸರಿಯಾಗಿ ಕೂರಬೇಕು. ಹೆಬ್ಬೆರಳಿನಿಂದ ಪೆಲೆಟ್ ಒಳಗೆ ದೂಡುವಾಗ ಗಮನ ಕೊಡಿ. ಸುಮ್ನೆ ಬಿಟ್ಟ ಕೂಡಲೇ ಒಳಗೆ ಜಾರಿದರೆ ಅದು ನಿಮ್ಮ ರೈಫಲ್‌ಗೆ ಸಡಿಲ. ಉಗುರು ಬೆಳ್ಳಗಾಗುವಷ್ಟು ಒತ್ತಬೇಕಾದರೆ ಬಿಗಿ. ಅಂಗಿಯ ಗುಂಡಿ ಹಾಕುವಾಗ ಒಂದು ಸಣ್ಣ ತಡೆ ಸಿಗುತ್ತದಲ್ಲ, ಅಷ್ಟು ಸಿಗಬೇಕು. ಹೆಬ್ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ, ನಿಮ್ಮ ಮಗಳಿಗೆ ನಿಮಗಿಂತ ಬೇಗ.

ಸೀಸದ ಸ್ಪರ್ಧೆ ಪೆಲೆಟ್‌ಗಳ ಡಬ್ಬಿಯ ಮೇಲೆ 4.49, 4.50, 4.51 ಅಂತ ತಲೆಯ ಅಳತೆ ಬರೆದಿರುತ್ತದೆ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಯಾಕೆ ಬೇರೆ ಡಬ್ಬಿ ಮಾಡುತ್ತಾರೆ ಅಂತ ನಾನೂ ಮೊದಲು ಯೋಚಿಸಿದ್ದೆ. ಹೊಡೆದು ನೋಡಿದ ಮೇಲೆ ಗೊತ್ತಾಯಿತು. ನನ್ನ ರೈಫಲ್ 4.50 ಇಷ್ಟಪಡುತ್ತದೆ, ಅದೇ ಕಂಪನಿಯ ಅದೇ ಮಾದರಿಯ ನನ್ನ ತಮ್ಮನ ರೈಫಲ್ 4.49. ಕಾರಣ ಕೇಳಬೇಡಿ, ನಳಿಗೆ ನಳಿಗೆಗೆ ಗುಣ ಬೇರೆ. ಆದ್ದರಿಂದ "ಯಾವ ಪೆಲೆಟ್ ಒಳ್ಳೆಯದು" ಅಂತ ಕೇಳಿದರೆ ನಾನು ಹೆಸರು ಹೇಳುವುದಿಲ್ಲ. ನಿಮ್ಮ ರೈಫಲ್ ಹತ್ತಿರವೇ ಕೇಳಬೇಕು.

ಕೇಳುವ ಕ್ರಮ ಹೇಳುತ್ತೇನೆ. ಮೂರೋ ನಾಲ್ಕೋ ಬಗೆಯ ತವರದ ಪೆಲೆಟ್ ಒಂದೊಂದೇ ಡಬ್ಬಿ ತನ್ನಿ. ಚಪ್ಪಟೆ ಮೂತಿಯದ್ದೇ ಇರಲಿ. ಅದು ಕಾಗದದಲ್ಲಿ ಪಂಚಿಂಗ್ ಯಂತ್ರದ ಹಾಗೆ ಚೊಕ್ಕ ತೂತು ಮಾಡುತ್ತದೆ, ಅಳೆಯಲು ಸುಲಭ. ಒಂದು ಮೇಜು, ಅದರ ಮೇಲೆ ಅರ್ಧ ಮರಳು ತುಂಬಿದ ಚೀಲ. ಆದರೆ ರೈಫಲ್ ನೇರ ಚೀಲದ ಮೇಲೆ ಇಡಬೇಡಿ. ಸ್ಪ್ರಿಂಗ್ ರೈಫಲ್ ಗಟ್ಟಿ ಜಾಗದಲ್ಲಿ ಇಟ್ಟರೆ ಎಗರುತ್ತದೆ. ಚೀಲದ ಮೇಲೆ ಎಡ ಅಂಗೈ ಬಿಡಿಸಿಟ್ಟು, ಅದರ ಮೇಲೆ ರೈಫಲ್ ಸುಮ್ಮನೆ ಕೂರಿಸಬೇಕು. ಹಿಡಿಯಬಾರದು. ತೊಟ್ಟಿಲ ಮಗುವಿನ ಬೆನ್ನಿಗೆ ಕೈ ಕೊಟ್ಟ ಹಾಗೆ. ಪ್ರತಿ ಸಲ ಅಂಗೈ ಅದೇ ಜಾಗದಲ್ಲಿ ಬರಲಿ, ಮರದ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಳ್ಳಿ.

ಆಮೇಲೆ ಹತ್ತು ಹೊಡೆತ. ಐದು ಅಲ್ಲ, ಹತ್ತು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಹಿಂದೊಮ್ಮೆ ಹೊಸ ಪೆಲೆಟ್‌ನಲ್ಲಿ ಐದು ಹೊಡೆದೆ, ಐದೂ ಒಂದೇ ತೂತು. ಕುಣಿಯುವಷ್ಟು ಖುಷಿ. ಮರುದಿನವೇ ಆ ಬಗೆಯ ಹತ್ತು ಡಬ್ಬಿ ತರಿಸಿದೆ, ಒಂದೊಂದರಲ್ಲಿ 500. ಮತ್ತೆ ಹತ್ತತ್ತು ಹೊಡೆದು ನೋಡಿದರೆ ನನ್ನ ಹಳೆಯ, ಅರ್ಧ ಬೆಲೆಯ ಪೆಲೆಟ್‌ಗಿಂತ ಕಡೆ. ಆ ಮೊದಲ ಐದು ಸುಮ್ನೆ ಅದೃಷ್ಟ. ಐದೈದರ ಕಾರ್ಡು (ಹೊಡೆದ ಗುರಿಕಾಗದ) ಯಾರನ್ನೂ ಮೋಸ ಮಾಡುತ್ತದೆ. ಹತ್ತರ ಕಾರ್ಡು ಮೂರು ಬೇಕು, ಅದೂ ಒಂದೇ ಪೆಲೆಟ್‌ನದ್ದು ಸಾಲಾಗಿ ಅಲ್ಲ. ಇವತ್ತು ಒಂದು, ನಾಳೆ ಒಂದು, ನಾಡಿದ್ದು ಒಂದು. ಕೈ ದಣಿದ ದಿನದ ಪಾಪ ಒಂದೇ ಪೆಲೆಟ್ ಮೇಲೆ ಬೀಳಬಾರದು.

ಅಳೆಯುವುದು ಹೇಗೆ? ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಇಟ್ಟು ನೋಡಿ, 4.5 ಮಿ.ಮೀ. ಕಳೆಯಿರಿ. ಅದು ನಡುವಿನಿಂದ ನಡುವಿಗೆ ಅಂತರ. 10 ಮೀಟರ್ ಗುರಿಯಲ್ಲಿ 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಆದರೆ ಪೆಲೆಟ್‌ನ ಅಂಚು ಅದಕ್ಕೆ ತಾಗಿದರೂ 10 ಸಿಗುತ್ತದೆ. ಅಂದರೆ ಪೆಲೆಟ್‌ನ ನಡು ಚುಕ್ಕೆಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಸಾಕು. ಹೊರ ಅಂಚಿನ ಅಳತೆಯಲ್ಲಿ 9.5 ಮಿ.ಮೀ. ಒಳಗಿನ ಗುಂಪು ಬಂದರೆ ರೈಫಲ್ ಮತ್ತು ಪೆಲೆಟ್ ಸೇರಿ 10 ಕೊಡಲು ತಯಾರಿವೆ, ಉಳಿದದ್ದು ಹುಡುಗಿಯ ಕೆಲಸ. ದೊಡ್ಡ ಸ್ಪರ್ಧೆಯ ರೈಫಲ್‌ಗಳನ್ನು ಕಬ್ಬಿಣದ ಹಿಡಿತದಲ್ಲಿ ಕಟ್ಟಿ ಹೊಡೆದರೆ 5, 6 ಮಿ.ಮೀ. ಬರುತ್ತದೆ, ಹತ್ತೂ ಬಿದ್ದದ್ದು ಒಂದೇ ತೂತೋ ಅನ್ನುವ ಹಾಗೆ. ಸ್ಪ್ರಿಂಗ್ ರೈಫಲ್‌ನಿಂದ ಅದನ್ನು ಕೇಳಬೇಡಿ. 12, 13 ಬಂದರೆ ಈ ವಯಸ್ಸಿಗೆ ಧಾರಾಳ.

ಮತ್ತೊಂದು, ಇದು ತವರಕ್ಕೆ ತುಂಬಾ ಮುಖ್ಯ. ನಳಿಗೆಯೊಳಗೆ ಈಗ ಸೀಸದ ಪೊರೆ ಇದೆ. ಅದರ ಮೇಲೆ ಗಟ್ಟಿ ತವರ ಹಾಯಿಸಿದರೆ ಮೊದಲ ಕೆಲವು ಹೊಡೆತ ಎಲ್ಲೆಲ್ಲೋ ಹೋಗುತ್ತವೆ. ಪೆಲೆಟ್ ಬಗೆ ಬದಲಿಸುವ ಮೊದಲು ನಳಿಗೆ ಒರೆಸಿ. ಬಟ್ಟೆಯ ಪಟ್ಟಿಯನ್ನು ಮೀನಿನ ಗಾಳದ ದಾರಕ್ಕೆ ಕಟ್ಟಿ, ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಬಟ್ಟೆ ಬಿಳಿಯಾಗಿ ಬರುವವರೆಗೆ. ಉಣ್ಣೆಯ ಕ್ಲೀನಿಂಗ್ ಪೆಲೆಟ್ ಸಿಗುತ್ತದೆ, ಆದರೆ ಸ್ಪ್ರಿಂಗ್ ರೈಫಲ್‌ನಲ್ಲಿ ಅದನ್ನು ಒಂಟಿಯಾಗಿ ಹೊಡೆದರೆ ಖಾಲಿ ಹೊಡೆದ ಹಾಗೆಯೇ, ಪಿಸ್ಟನ್ ಸೀಲಿಗೆ ಪೆಟ್ಟು. ಹಾಗಾಗಿ ದಾರವೇ ವಾಸಿ. ಒರೆಸಿದ ಮೇಲೆ ಹೊಸ ಪೆಲೆಟ್ 20 ಹೊಡೆದು, ಆಮೇಲೆ ಲೆಕ್ಕದ ಕಾರ್ಡು ಶುರು ಮಾಡಿ. ನೀವು ಡಬ್ಬಿ ಒಡೆದ ಕೂಡಲೇ ಹೊಡೆದು ನೋಡಿದ್ದೀರಿ ಅಂತ ನನ್ನ ಅಂದಾಜು. ಅದು ಪೂರ್ತಿ ಪರೀಕ್ಷೆ ಅಲ್ಲ.

ತೂಕ ನೋಡಿ ಆರಿಸಬೇಕಾ ಅಂತ ಯಾರಾದರೂ ಕೇಳುತ್ತಾರೆ. ಚಿನ್ನದಂಗಡಿಯ ತಕ್ಕಡಿಯಂಥದ್ದು ತಂದು ಒಂದು ಮಳೆಗಾಲ ಪೂರ್ತಿ ನಾನು ಪೆಲೆಟ್ ತೂಗಿದ್ದೇನೆ. ಲಾಭ ಸ್ವಲ್ಪವೇ. ಅದಕ್ಕಿಂತ ಹೆಚ್ಚು ಲಾಭ ಕಣ್ಣಿನ ಪರೀಕ್ಷೆಯಲ್ಲಿ. ಬಿಳಿ ಕಾಗದದ ಮೇಲೆ ಹರಡಿ, ಲಂಗದ ಅಂಚು ಚಪ್ಪಟೆ ಆದದ್ದನ್ನು, ಒಳಗೆ ಚೂರು ಅಂಟಿದ್ದನ್ನು ಬದಿಗಿಡಿ. ಕನ್ನಡಿಯ ಮೇಲೆ ಉರುಳಿಸಿದರೆ ಒಳ್ಳೆಯ ಪೆಲೆಟ್ ಒಂದೇ ಸಮನೆ ಸುತ್ತು ಹಾಕುತ್ತದೆ, ಕೆಟ್ಟದ್ದು ಕುಂಟುತ್ತದೆ. ಡಬ್ಬಿ ಕೆಳಗೆ ಬಿದ್ದರೆ ಆ ಡಬ್ಬಿ ಅಭ್ಯಾಸಕ್ಕೆ ಮಾತ್ರ.

ಎಲ್ಲಕ್ಕಿಂತ ದೊಡ್ಡದು: ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಕ್ರೂ ಬಿಗಿ ಮಾಡಿದ ದಿನವೇ ಪೆಲೆಟ್ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಕಾರ್ಡಿನ ಹಿಂದೆ ದಿನಾಂಕ, ಪೆಲೆಟ್, ಡಬ್ಬಿಯ ಬ್ಯಾಚ್ ನಂಬರ್ ಬರೆಯಿರಿ. ಬ್ಯಾಚ್ ನಂಬರ್ ಮರೆಯಬೇಡಿ. ಅದೇ ಕಂಪನಿ, ಅದೇ ಹೆಸರು, ಬ್ಯಾಚ್ ಬದಲಾದರೆ ಗುಂಪೂ ಬದಲಾಗಬಹುದು.

ಮಂಜೇಶ್ವರದಿಂದ, ಕ್ಯಾಲಿಫೋರ್ನಿಯಾದಲ್ಲಿ 11 ವರ್ಷ ಇದ್ದು ಬಂದವರು

ಬದಿಯಡ್ಕದ ಮಾಷ್ಟ್ರು ಹೇಳಿದ್ದು ಓದಿ ನನಗೆ ಅಲ್ಲಿನ ಪಕ್ಕದ ಮನೆಯ ಮುದುಕರ ನೆನಪಾಯಿತು. ಅವರು ಜಿಂಕೆ ಬೇಟೆಗೆ ಹೋಗುವವರು. ಅಲ್ಲಿ ಅದಕ್ಕೆ ಲೈಸೆನ್ಸ್, ಕಾಲ, ಲೆಕ್ಕ ಎಲ್ಲ ಉಂಟು. ತಮ್ಮ ರೈಫಲ್‌ಗೆ ಬೇಕಾದ ತೋಟೆಯನ್ನು ತಾವೇ ಮನೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಅದೂ ಅಲ್ಲಿನ ಕಾನೂನಿನಲ್ಲಿ ಸರಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತುಂಬುವುದು ಅಪರಾಧ, ಅದನ್ನು ಯಾರೂ ಮನೆಯಲ್ಲಿ ಮಾಡಬಾರದು. ಆದರೆ ಅವರಿಗೆ ಎದುರಾದ ಕಷ್ಟ ನಿಮ್ಮದೇ.

ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ಅಂತ ಒಂದು ದೊಡ್ಡ ರಣಹದ್ದು ಉಂಟು. 1980ರ ದಶಕದಲ್ಲಿ ಪ್ರಪಂಚದಲ್ಲಿ ಉಳಿದದ್ದು 22 ಮಾತ್ರ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸದಲ್ಲಿ ಸೀಸದ ಚೂರು ಇರುತ್ತಿತ್ತು, ಅದನ್ನು ತಿಂದು ಅವು ಸಾಯುತ್ತಿದ್ದವು. ಸೀಸದ ಗುಂಡು ಪ್ರಾಣಿಯ ಮೈಯೊಳಗೆ ಹೋಗಿ ನೂರಾರು ಚೂರಾಗುತ್ತದೆ. ಎಕ್ಸ್‌ರೇ ತೆಗೆದರೆ ಗಾಯದ ಸುತ್ತ ಬಿಳಿ ಚುಕ್ಕೆ ಎರಚಿದ ಹಾಗೆ ಕಾಣುತ್ತದೆ. ಕೊನೆಗೆ 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಲ್ಲಿಸಿದರು. ಮುದುಕರು ತಾಮ್ರದ ಗುಂಡಿಗೆ ಬದಲಾಯಿಸಬೇಕಾಯಿತು.

40 ವರ್ಷದಿಂದ ಬಳಸಿದ ಅವರ ಲೆಕ್ಕ ಒಂದೂ ನಡೆಯಲಿಲ್ಲ. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕದ ಗುಂಡು ಬೇಕಾದರೆ ಅದು ಉದ್ದ ಆಗುತ್ತದೆ. ಉದ್ದದ ಗುಂಡನ್ನು ನೆಟ್ಟಗೆ ತಿರುಗಿಸಲು ನಳಿಗೆಯ ಗೀರು ಬೇಗ ಸುತ್ತುವಂಥದ್ದು ಬೇಕು, ಅವರ ಹಳೆ ರೈಫಲ್‌ನಲ್ಲಿ ಅದಿಲ್ಲ. ಹಾಗಾಗಿ 180 ಗ್ರೇನ್ (ಗುಂಡಿನ ತೂಕದ ಅಳತೆ) ಬಿಟ್ಟು 150 ಗ್ರೇನ್‌ಗೆ ಇಳಿದರು. ಉದ್ದದ ಗುಂಡು ತೋಟೆಯೊಳಗೆ ಹೆಚ್ಚು ಜಾಗ ತಿನ್ನುತ್ತದೆ, ಸಿಡಿಮದ್ದಿನ ಒತ್ತಡ ಏರುತ್ತದೆ. ಸೀಸದ ಗುಂಡಿನ ಲೆಕ್ಕವನ್ನು ತಾಮ್ರಕ್ಕೆ ಹಾಕಿದರೆ ಅಪಾಯ. ಅವರು ಆ ಗುಂಡಿಗೇ ಅಂತ ತಯಾರಕರು ಅಚ್ಚು ಹಾಕಿಸಿದ ಪುಸ್ತಕ ಇಟ್ಟುಕೊಂಡು, ಅದರ ಕೆಳಗಿನ ಅಳತೆಯಿಂದ ಶುರು ಮಾಡಿ, ಎಳ್ಳಷ್ಟೇ ಮೇಲೆ ಹೋಗುತ್ತಿದ್ದರು.

ಅವರಿಗೆ ಕೊನೆಗೂ ಗುಂಪು ಸಿಕ್ಕಿದ್ದು ಯಾವುದರಿಂದ ಗೊತ್ತಾ? ಮದ್ದು ಬದಲಿಸಿದ್ದರಿಂದ ಅಲ್ಲ. ಸೀಸದ ಗುಂಡಿನ ಮೂತಿಯನ್ನು ನಳಿಗೆಯ ಗೀರಿಗೆ ತಾಗುವಷ್ಟು ಹತ್ತಿರ ಕೂರಿಸುವುದು ಅವರ ರೂಢಿ. ತಾಮ್ರದ್ದಕ್ಕೆ ಸುಮಾರು ಒಂದೂಕಾಲು ಮಿಲಿಮೀಟರ್ ಹಿಂದೆ, ಓಡಿ ಬಂದು ಕಚ್ಚುವಷ್ಟು ಜಾಗ ಬೇಕಿತ್ತು. ಅದೊಂದು, ಮತ್ತು ನಳಿಗೆಗೆ ಅಂಟಿದ ಹಳೆ ಲೋಹ ತೊಳೆದದ್ದು. ನಾನು ಒಂದು ಶನಿವಾರ ಅವರ ಜೊತೆ ಕೂತು ನೋಡಿದ್ದೇನೆ. ಬಟ್ಟೆಯ ತುಂಡು ನಳಿಗೆಯಿಂದ ಹೊರಗೆ ಬರುವಾಗ ನವಿಲುಗರಿಯ ನೀಲಿ ಬಣ್ಣ. ಅದು ಕರಗಿದ ತಾಮ್ರ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಬಟ್ಟೆ ಹಾಯಿಸುತ್ತಲೇ ಇದ್ದರು, ನೀಲಿ ಹೋಗುವವರೆಗೆ. ಆಮೇಲೆ ಹೊಡೆದ ಕಾರ್ಡನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೆಂಡತಿಗೆ ತೋರಿಸಲು ಒಳಗೆ ಹೋದರು.

ನಿಮ್ಮದು ತವರ, ಅವರದ್ದು ತಾಮ್ರ. ನಿಮ್ಮದು ಗಾಳಿ, ಅವರದ್ದು ಮದ್ದು. ಗಟ್ಟಿ ಲೋಹ ಹಳೆಯ ಅಳತೆಗೆ ಹೊಂದುವುದಿಲ್ಲ, ಅದರ ಅಳತೆ ಹೊಸದಾಗಿ ಹುಡುಕಬೇಕು ಅನ್ನುವುದು ಎರಡಕ್ಕೂ ಒಂದೇ. ಒಂದು ಡಬ್ಬಿ ನೋಡಿ ಕೈ ಬಿಡಬೇಡಿ.

ಮುಳ್ಳೇರಿಯದಿಂದ, ತೋಟದವರು

ನನಗೆ ಏರ್ ರೈಫಲ್ ಗೊತ್ತಿಲ್ಲ. ನನ್ನದು ಲೈಸೆನ್ಸ್ ಇರುವ ಹನ್ನೆರಡು ಬೋರಿನ ಕೋವಿ. ಬೆಳೆ ತಿನ್ನುವ ಕಾಡುಹಂದಿಗೆ ಪಂಚಾಯತಿನ ಅನುಮತಿ ಸಿಕ್ಕಿದಾಗ ಮಾತ್ರ ಹೊರಗೆ ತೆಗೆಯುವುದು. ಆದರೂ ಹೇಳುತ್ತೇನೆ, ಕೋವಿ ತನಗೆ ಬೇಕಾದ್ದನ್ನು ತಾನೇ ಆರಿಸುತ್ತದೆ. ಹಳೆ ಪೇಪರ್ ನಾಲ್ಕು ಹಾಳೆ ಅಂಟಿಸಿ 25 ಹೆಜ್ಜೆ ದೂರದಿಂದ ಎರಡು ಬಗೆಯ ತೋಟೆ ಹೊಡೆದು ನೋಡಿದೆ. ಒಂದರಲ್ಲಿ ಚರೆ ಸಮನಾಗಿ ಹರಡಿತು, ಇನ್ನೊಂದರಲ್ಲಿ ನಡುವೆ ಮೊರದಗಲ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಪ್ರಾಣಿ ಇದ್ದರೆ ಗಾಯ ಆಗಿ ಓಡಿ ನರಳುತ್ತದೆ. ಅಂದಿನಿಂದ ಕಾಗದದ ಮೇಲೆ ನೋಡದ ತೋಟೆ ನಾನು ಕೋವಿಗೆ ಹಾಕುವುದಿಲ್ಲ.

ಉಪ್ಪಳದಿಂದ, ಲ್ಯಾಬಿನಲ್ಲಿ ಕೆಲಸ ಮಾಡುವವರು

ಅಕ್ಕ, ನಿಮ್ಮ ಹೆದರಿಕೆ ಸರಿಯೇ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯ ಇಲ್ಲ ಅನ್ನುವ ಮಟ್ಟವೇ ಇಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದ್ದರೆ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ರಕ್ತ ಬೇಡ, ಬೆರಳಿಗೇ ಸೀಸ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ಕೈ ತೊಳೆಸಿ, ನರದಿಂದ ತೆಗೆಸಿ.

ಸೀಸದ ಪೆಲೆಟ್ ಬಳಸುವ ದಿನ ನಾಲ್ಕು ಮಾತು ನೆನಪಿಡಿ. ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳಬಾರದು, ಕೆಲವು ಮಕ್ಕಳು ಬೇಗ ತುಂಬಲಿಕ್ಕೆ ಹಾಗೆ ಮಾಡುತ್ತಾರೆ. ಕೊಟ್ಟಗೆಯಲ್ಲಿ ತಿಂಡಿ, ನೀರು ಬೇಡ. ಮುಗಿದ ಮೇಲೆ ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಆ ಅಂಗಿ ಬದಲಿಸಿಯೇ ಅಡುಗೆಮನೆಗೆ.

ಜಾಸ್ತಿ ಧೂಳು ಇರುವುದು ಪೆಲೆಟ್ ಬಡಿಯುವ ಜಾಗದಲ್ಲಿ, ಅಲ್ಲಿ ಅದು ಪುಡಿಯಾಗುತ್ತದೆ. ಅಲ್ಲಿ ಒಣ ಪೊರಕೆ ಹಾಕಿ ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಬೇರೆ ಕೆಲಸಕ್ಕೆ ಬಳಸಬೇಡಿ. ಮತ್ತೆ, ಅದು ಅಡಿಕೆ ಇಡುವ ಕೊಟ್ಟಗೆ ಅಂದಿರಿ. ಅಡಿಕೆ ಇನ್ನೊಂದು ಕಡೆ ಇಡಿ, ಇಲ್ಲವೇ ಟಾರ್ಪಾಲ್ ಹೊದಿಸಿ. ಅದು ಯಾರದ್ದೋ ಬಾಯಿಗೆ ಹೋಗುವ ವಸ್ತು.

ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯೇ ಒದ್ದೆ. ತೆರೆದಿಟ್ಟ ಸೀಸದ ಪೆಲೆಟ್ ಮೇಲೆ ಬಿಳಿ ಹಿಟ್ಟಿನ ಹಾಗೆ ಪುಡಿ ಬರುತ್ತದೆ. ಅದು ಕೈಗೆ ಇನ್ನೂ ಸುಲಭವಾಗಿ ಅಂಟುತ್ತದೆ. ಹಾಗೆ ಬಿಳಿಯಾದ ಡಬ್ಬಿಯನ್ನು ಮಕ್ಕಳ ಕೈಗೆ ಕೊಡಲೇಬೇಡಿ.

ಹೊಸೂರಿನಿಂದ

ನಾನು ಕೃಷ್ಣಗಿರಿ ಜಿಲ್ಲೆಯವನು, ಮನೆಯಲ್ಲಿ ಕನ್ನಡ. ಒಂದು ಎಚ್ಚರಿಕೆ ಹೇಳಲು ಬಂದೆ. ತವರದ ಪೆಲೆಟ್ ಕಬ್ಬಿಣದ ಹಾಳೆಗೆ ಬಡಿದರೆ ಸೀಸದ ಹಾಗೆ ಚಪ್ಪಟೆಯಾಗಿ ಬೀಳುವುದಿಲ್ಲ, ವಾಪಸ್ ಹಾರುತ್ತದೆ. ನನ್ನ ಕಾಲಿನ ಹತ್ತಿರ ಬಂದು ಬಿದ್ದದ್ದು ಉಂಟು, 10 ಮೀಟರಿನಿಂದ. ಮುರಕಲ್ಲು, ಕಬ್ಬಿಣ ಎರಡೂ ಬೇಡ. ಒಂದು ಮರದ ಪೆಟ್ಟಿಗೆಗೆ ಹಳೆ ಬಟ್ಟೆ, ಗೋಣಿ ಒತ್ತಿ ತುಂಬಿ ಗುರಿಯ ಹಿಂದೆ ಇಡಿ. ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ ಇರಲೇಬೇಕು.

ಎರಡನೆಯದು, ಜೋರಿನ ರೈಫಲ್ ಇದ್ದವರಿಗೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ 0.177 ಬೋರಿನ (ಅದೇ 4.5 ಮಿ.ಮೀ.) ಏರ್ ರೈಫಲ್‌ಗೆ ಮಿತಿ 20 ಜೂಲ್ ಶಕ್ತಿ. ಆ ಮಿತಿಯ ರೈಫಲ್‌ನಲ್ಲಿ 0.35 ಗ್ರಾಂ ಪೆಲೆಟ್ ಹಾಕಿದರೆ ಲೆಕ್ಕಕ್ಕೆ ಸೆಕೆಂಡಿಗೆ ಸುಮಾರು 338 ಮೀಟರ್ ಬರುತ್ತದೆ. ಶಬ್ದದ ವೇಗ 343ರ ಹತ್ತಿರ. ಆ ಗಡಿಯಲ್ಲಿ ಪೆಲೆಟ್ ನಡುಗುತ್ತದೆ, ಗುರಿ ಕೆಡುತ್ತದೆ. ನನ್ನದು ಹಾಗೇ ಆಗಿತ್ತು. ಹುಡುಗಿಯ ಅಭ್ಯಾಸಕ್ಕೆ 7.5 ಜೂಲ್‌ನ ಮೆತ್ತಗಿನ ರೈಫಲ್ ಸಾಕು, ಅದರಲ್ಲಿ ಅದೇ ಪೆಲೆಟ್ 207 ಮೀಟರ್ ವೇಗದಲ್ಲಿ ಶಾಂತವಾಗಿ ಹೋಗುತ್ತದೆ.

ಮತ್ತೆ ಇದನ್ನು ಓದುವ ಎಳೆಯರಿಗೆ: ಲೈಸೆನ್ಸ್ ಬೇಡ ಅಂದರೆ ಹಕ್ಕಿ, ಅಳಿಲು, ಮಂಗನಿಗೆ ಗುರಿ ಇಡಬಹುದು ಅಂತ ಅಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಜೈಲಿಗೆ ಹೋಗುವ ತಪ್ಪು. ಕಾಗದದ ಗುರಿಯಲ್ಲೇ ಒಂದು ಆಯುಷ್ಯಕ್ಕೆ ಬೇಕಾದಷ್ಟು ಕೆಲಸ ಉಂಟು.

ಐದು ವಾರದ ನಂತರ, ಕುಂಬಳೆಯ ತಾಯಿ

ಎಲ್ಲರಿಗೂ ತಿಳಿಸೋಣ ಅಂತ ಬಂದೆ.

ಮಾಷ್ಟ್ರೆ, ನೀವು ಹೇಳಿದ ಸ್ಕ್ರೂ ಎಡಗಡೆಯದ್ದು ಬೆರಳಲ್ಲೇ ತಿರುಗುತ್ತಿತ್ತು! ಬಿಗಿ ಮಾಡಿ, ಬೇರೆ ಏನೂ ಬದಲಿಸದೆ ಅದೇ ಡಬ್ಬಿಯಲ್ಲಿ ಹತ್ತು ಹೊಡೆದಳು. ಹೊರ ಅಂಚಿನ ಲೆಕ್ಕದಲ್ಲಿ 31 ಮಿ.ಮೀ. ಮೊದಲು ಅಂಗೈಯಗಲ ಇದ್ದದ್ದು. ಆಮೇಲೆ ನಳಿಗೆ ಒರೆಸಿದೆವು. ಗಾಳದ ದಾರ ನನ್ನ ಯಜಮಾನರು ಮೊಗ್ರಾಲ್ ಹೊಳೆಗೆ ಮೀನಿಗೆ ಹೋಗುವಾಗ ಬಳಸುವುದು, ಅದೇ ಆಯಿತು. ಬಟ್ಟೆ ಮೊದಲು ಮಸಿಯ ಹಾಗೆ ಕಪ್ಪು, ಹದಿನಾಲ್ಕನೇ ಸಲಕ್ಕೆ ಬಿಳಿ. 20 ಹೊಡೆದು ಬಿಟ್ಟು, ಮತ್ತೆ ಕಾರ್ಡು. 24.

ಮತ್ತೆ ಎರಡು ಬಗೆಯ ತವರದ ಡಬ್ಬಿ ತರಿಸಿದೆ. ಒಂದು ಸುಮ್ಮನೆ ಒಳಗೆ ಜಾರುತ್ತಿತ್ತು, "ಅಮ್ಮ, ಇದು ಆಗುವುದಿಲ್ಲ" ಅಂತ ಹೊಡೆಯುವ ಮೊದಲೇ ಹೇಳಿದಳು. ಹಾಗೇ ಆಯಿತು, 28. ಇನ್ನೊಂದರಲ್ಲಿ ಆ ಅಂಗಿ ಗುಂಡಿಯ ತಡೆ ಸಿಕ್ಕಿತು. ಮೂರು ದಿನ ಮೂರು ಕಾರ್ಡು: 15, 13, 16. ಹೋಲಿಸಿ ನೋಡಲು ಸೀಸದ್ದನ್ನೂ ಹಾಗೇ ಮೂರು ದಿನ ಹೊಡೆದೆವು, ನಡುವೆ ನಳಿಗೆ ಒರೆಸಿ. 12, 11, 14. ಅಂದರೆ ಸೀಸ ಈಗಲೂ ಸ್ವಲ್ಪ ಮುಂದೆಯೇ. ನನ್ನ ರೂಪಾಯಿ ನಾಣ್ಯದ ಲೆಕ್ಕ ಐದರದ್ದಾಗಿತ್ತು, ಹತ್ತು ಹೊಡೆದಾಗ ಎಲ್ಲವೂ ಕಂಡಿತು.

ಕೋಚ್ ಹತ್ತಿರ ಮಾತಾಡಿ ಹೀಗೆ ತೀರ್ಮಾನ ಮಾಡಿದ್ದೇವೆ. ಮನೆಯಲ್ಲಿ ದಿನಾ ಅಭ್ಯಾಸ ತವರದಲ್ಲಿ. ಸ್ಪರ್ಧೆಗೆ ಎರಡು ವಾರ ಇರುವಾಗ ಭಾನುವಾರ ಕೋಚ್ ಹತ್ತಿರ ಸೀಸ. ರಕ್ತ ಪರೀಕ್ಷೆ ಮಾಡಿಸಿದೆ, 5ಕ್ಕಿಂತ ಕೆಳಗೆ ಬಂತು. ಆ ಕಾಗದ ನೋಡುವಾಗ ನನ್ನ ಕೈ ನಡುಗುತ್ತಿತ್ತು. ಆರು ತಿಂಗಳು ಬಿಟ್ಟು ಮತ್ತೆ ಮಾಡಿಸುತ್ತೇನೆ. ಅಡಿಕೆ ಈಗ ಚಾವಡಿಯ ಅಟ್ಟಕ್ಕೆ ಹೋಗಿದೆ. ಕೊಟ್ಟಗೆಯಲ್ಲಿ ಗೋಣಿ ತುಂಬಿದ ಪೆಟ್ಟಿಗೆ, ಬಾಗಿಲ ಹೊರಗೆ ಒಂದು ಬಾಲ್ದಿ ನೀರು, ಸೋಪು.

ಒಂದು ಸಂಶಯ ಮಾತ್ರ ಉಳಿದಿದೆ. ತವರದಿಂದ ಸೀಸಕ್ಕೆ ಬದಲಿಸಿದಾಗ ಗುಂಪು ಇಡೀ ಕೆಳಗೆ ಇಳಿಯುತ್ತದೆ, ಸ್ವಲ್ಪ ಬಲಕ್ಕೆ. ಇದು ಸಹಜವಾ?

ಬದಿಯಡ್ಕದಿಂದ

ಸಹಜವೇ ಅಕ್ಕ. ಭಾರದ ಪೆಲೆಟ್ ನಿಧಾನ ಹೋಗುತ್ತದೆ, ನಳಿಗೆ ಕುಲುಕುವ ಬೇರೆ ಹೊತ್ತಿನಲ್ಲಿ ಹೊರಗೆ ಬರುತ್ತದೆ. ಗುಂಪು ಅಗಲ ಆಗದಿದ್ದರೆ ಚಿಂತೆ ಬೇಡ. ಗುರಿ ನೋಡುವ ಸೈಟಿನ ತಿರುಪು ಎಷ್ಟು ಕ್ಲಿಕ್ ತಿರುಗಿಸಬೇಕು ಅಂತ ಎರಡೂ ಕಡೆಗೆ ಬರೆದಿಡಿ. 15, 13, 16 ಅಂದಿರಲ್ಲ, ಆ ಡಬ್ಬಿಯ ಬ್ಯಾಚ್ ನಂಬರ್ ನೋಡಿ, ಅದೇ ಬ್ಯಾಚಿನದ್ದು ಇನ್ನೂ ಐದು ಡಬ್ಬಿ ಈಗಲೇ ತರಿಸಿಡಿ.

ಕುಂಬಳೆಯ ತಾಯಿ

ನಾಲ್ಕು ಸಿಕ್ಕಿತು ಮಾಷ್ಟ್ರೆ. ಕ್ಲಿಕ್ ಲೆಕ್ಕ ಮಗಳು ಸೀಸದ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದಾಳೆ: "9 ಮೇಲೆ, 3 ಎಡಕ್ಕೆ". ಅದರ ಕೆಳಗೆ ಇನ್ನೂ ದೊಡ್ಡ ಅಕ್ಷರದಲ್ಲಿ, "ಕೈ ತೊಳಿ".